ಸೊಟ್ಟ ಮಡಕೆಯ ದುಗ್ಗಿ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹೊಂಗಿರಿ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರೂ ಏನನ್ನೂ ಕಲಿಯುತ್ತಿರಲಿಲ್ಲ. ಅಯ್ಯೋ, ದಡ್ಡರ ರಾಜ್ಯ ಅಂದುಕೊಂಡುಬಿಟ್ಟೀರಿ! ಅಲ್ಲಿನ ಕುಂಬಾರ ಮಾಡಿದ ಮಡಕೆ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ ಇರುತ್ತಿತ್ತು. ನೇಕಾರ ನೆಯ್ದ ಬಟ್ಟೆಯಲ್ಲಿ ಒಂದೆಳೆ ತಪ್ಪು ಹುಡುಕಿದರೂ ಸಿಗದು. ಆದರೆ ಅದು ಕಲಿತು ಬಂದದ್ದಲ್ಲ, ಕಟ್ಟಿಸಿಕೊಂಡು ಬಂದದ್ದು.

ಕೇಳಿ ಅದರ ಬಗೆ. ಮಗುವಿಗೆ ಒಂದು ವರ್ಷ ತುಂಬಿದ ದಿನ ಅದರ ಮುಂದೆ ಒಂದು ಮೊರ ಇಡುತ್ತಿದ್ದರು. ಮೊರದಲ್ಲಿ ಸುತ್ತಿಗೆ, ಕುಡುಗೋಲು, ಲಾಳಿ, ಸೌಟು, ಹೀಗೆ ಎಲ್ಲ ಕಸುಬಿನ ಸಾಮಾನು. ಮಗು ಯಾವುದಕ್ಕೆ ಕೈ ಹಾಕಿತೋ ಆ ಕ್ಷಣ, ಎದುರಿನ ತಾಮ್ರದ ಬೆಟ್ಟದಿಂದ ಒಂದು ಕೆಂಪು ಎಳೆ ಹಾರಿ ಬಂದು ಅದರ ಮಣಿಕಟ್ಟಿಗೆ ಗಂಟು ಬೀಳುತ್ತಿತ್ತು. ಅಲ್ಲಿಗೆ ಮುಗಿಯಿತು. ಆ ಕಸುಬು ಕೈಗೆ ಪೂರ್ತಿ ಬಂತು, ಬೇರೆ ಯಾವುದೂ ಸಾಯುವವರೆಗೂ ಬಾರದು. ರಾಜನೂ ಹಾಗೇ. ರಾಜದಂಡ ಹಿಡಿದಿದ್ದನಂತೆ, ಅದನ್ನು ಎತ್ತುವುದು ಇಳಿಸುವುದು ಬಿಟ್ಟರೆ ಪಾಪ, ಅವನಿಗೆ ಇನ್ನೇನೂ ಗೊತ್ತಿರಲಿಲ್ಲ.

ಎಳೆ ಕಟ್ಟುವವನು ಆ ಬೆಟ್ಟದ ಮೇಲಿನ ಕೋಟೆಯಲ್ಲಿದ್ದ ಸೂತ್ರಕೇತು ಎಂಬ ಮಾಂತ್ರಿಕ. ಅವನ ಎಳೆಗೆ ಒಂದು ಕ್ರೂರ ನಿಯಮವಿತ್ತು. ಸೂರ್ಯ ಹುಟ್ಟಿದರೆ ಕೈ ಏಳಬೇಕು, ದುಡಿಯಬೇಕು. ಕೈ ಏಳದ ದಿನ ಎಳೆ ಬಿಗಿದು ಆಳು ಸಾಯಬೇಕು. ಆದ್ದರಿಂದ ಹೊಂಗಿರಿಯಲ್ಲಿ ಹಣ್ಣು ಹಣ್ಣು ಮುದುಕರು ಯಾರೂ ಇರಲಿಲ್ಲ.

ಆ ರಾಜ್ಯದ ಒಂದು ಊರಿನ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದವು. ಅಣ್ಣ ಬೈರ, ತಂಗಿ ದುಗ್ಗಿ. ಮೊರದ ದಿನ ಬೈರ ಹೊಳೆಯುವ ಸುತ್ತಿಗೆ ಹಿಡಿದ. ಎಳೆ ಬಂತು, ಗಂಟು ಬಿತ್ತು. ದುಗ್ಗಿ? ಆ ಹೊಟ್ಟೆಬಾಕಿ ಪೂಜೆಗೆ ಇಟ್ಟಿದ್ದ ಬೆಲ್ಲದಚ್ಚಿಗೆ ಕೈ ಹಾಕಿ, ನೆಕ್ಕಿ ನೆಕ್ಕಿ, ಅಲ್ಲೇ ನಿದ್ದೆ ಹೋದಳು. ಬೆಲ್ಲ ತಿನ್ನುವುದು ಯಾವ ಕಸುಬು? ಕೆಂಪು ಎಳೆ ಗಾಳಿಯಲ್ಲಿ ಒದ್ದಾಡಿ ವಾಪಸ್ಸು ಹೋಯಿತು. "ಅಯ್ಯೋ, ನನ್ನ ಮಗಳು ಬರಿಗೈಯವಳಾದಳು!" ಅಂತ ತಾಯಿ ಅತ್ತಳು.

ಬೈರ ಕುಲುಮೆಯಲ್ಲಿ ಬೆಳೆದ. ಆದರೆ ಅವನ ಜೀವವೆಲ್ಲ ಗಿಡಗಳ ಮೇಲೆ. ಹಿತ್ತಲಿನ ಬದನೆ ಸಸಿ ಮುಟ್ಟಲು ಹೋದರೆ ಕೈ ಅದನ್ನೂ ಕಬ್ಬಿಣದ ಹಾಗೆ ಬಡಿಯುತ್ತಿತ್ತು. ಜಜ್ಜಿಹೋದ ಸಸಿ ನೋಡಿ ಅವನು ಮೂಲೆಯಲ್ಲಿ ಕೂತು ಅಳುತ್ತಿದ್ದ.

ಎಳೆಯಿಲ್ಲದ ದುಗ್ಗಿ ಏನಾದರೂ ಮಾಡಬೇಕಲ್ಲ? ಕುಂಬಾರನ ಹತ್ತಿರ ಹೋಗಿ "ಮಡಕೆ ಹೇಗೆ ಮಾಡ್ತೀಯ, ಹೇಳಿಕೊಡು ಮಾವ" ಅಂದಳು.

"ಹೇಗೆ ಅಂದ್ರೆ? ಕೈ ಮಾಡುತ್ತೆ, ನನಗೇನು ಗೊತ್ತು?"

ನೇಕಾರನೂ ಅದನ್ನೇ ಹೇಳಿದ. ಬುಟ್ಟಿ ಹೆಣೆಯುವವಳೂ ಅದನ್ನೇ ಹೇಳಿದಳು. ಸರಿ, ದುಗ್ಗಿ ತಾನೇ ಮಣ್ಣು ಕಲಸಿದಳು. ಕುಸಿಯಿತು. ಮತ್ತೆ ಕಲಸಿದಳು. ಬಿರಿಯಿತು. ಕೊನೆಗೂ ಒಂದು ಮಡಕೆ ಎದ್ದಿತು. ಬಾಯಿ ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ! ಹೊಂಗಿರಿಯಲ್ಲಿ ಸೊಟ್ಟ ಮಡಕೆ ಅಂದರೆ ಏನು ಅಂತ ಯಾರೂ ಕಂಡಿರಲಿಲ್ಲ. ಪಕ್ಕದ ಊರಿಂದ ಗಾಡಿ ಕಟ್ಟಿಕೊಂಡು ಬಂದು ನೋಡಿ, ಹೊಟ್ಟೆ ಹಿಡಿದು ನಕ್ಕು ಹೋದರು. ಬೈರ ಮಾತ್ರ ನಗಲಿಲ್ಲ. "ಇದನ್ನ ನೀನೇ ಮಾಡಿದ್ದು ಅಲ್ವೇನೇ? ನಾನು ಇವತ್ತಿನವರೆಗೂ ಏನೂ ಮಾಡಿಲ್ಲ ಕಣೇ. ಎಲ್ಲ ಈ ಎಳೆ ಮಾಡಿದ್ದು" ಅಂದ.

ಆ ಮಾತು ಕೇಳಿದ್ದೇ ತಡ, ದುಗ್ಗಿ ತಾಮ್ರದ ಬೆಟ್ಟಕ್ಕೆ ಹೊರಟಳು. ಪ್ರಾಯದ ಹುಡುಗಿ, ಕಾಲಿಗೆ ರೆಕ್ಕೆಯಿತ್ತು. ಕೋಟೆಯ ಬಾಗಿಲಲ್ಲಿ ಒಂದು ಯಾಳಿ, ಸಿಂಹದ ಮೈ, ಆನೆಯ ಸೊಂಡಿಲು. ಅದು ಘರ್ಜಿಸಿ ಏಳುವಷ್ಟರಲ್ಲಿ ಇವಳು ಒಳಗೆ ಓಡಿದ್ದಳು. ಅಲ್ಲಿ ಮನೆಯಷ್ಟು ದೊಡ್ಡ ಕೆಂಪು ನೂಲಿನ ಉಂಡೆ. ಅದರಲ್ಲಿ ರಾಜ್ಯದ ಎಲ್ಲರ ಎಳೆಯ ಇನ್ನೊಂದು ತುದಿಯ ಗಂಟು. ಅಣ್ಣನ ಗಂಟು ಹುಡುಕಿ ಜಗ್ಗಿದಳು. ಜಗ್ಗಿದಷ್ಟೂ ಬಿಗಿಯಿತು.

"ಎಳೆಯೋದೊಂದೇ ಗೊತ್ತೇನೇ ಹುಡುಗಿ?" ಸೂತ್ರಕೇತು ಗಹಗಹಿಸಿ ನಕ್ಕು, ಒಂದು ಉಸಿರಿಗೆ ಅವಳನ್ನು ಬೆಟ್ಟದ ಬುಡಕ್ಕೆ ಊದಿಬಿಟ್ಟ.

ವರ್ಷಗಳು ಉರುಳಿದವು. ದುಗ್ಗಿ ದುಗ್ಗವ್ವ ಆದಳು. ಮಡಕೆ ನೆಟ್ಟಗಾಯಿತು. ಆಮೇಲೆ ಬುಟ್ಟಿ, ಆಮೇಲೆ ಮಗ್ಗ. ಪ್ರತಿಯೊಂದಕ್ಕೂ ವರ್ಷಗಟ್ಟಲೆ ಬೆರಳು ಕೊಯ್ದುಕೊಂಡಳು, ನಗೆಪಾಟಲಾದಳು. ಒಂದನ್ನು ಕಲಿತಾಗ ಇನ್ನೊಂದು ಅರ್ಧ ಬಂದಿರುತ್ತಿತ್ತು ಅನ್ನುವುದು ಅವಳಿಗೇ ಆಶ್ಚರ್ಯ. ಹೀಗೆ ಪಳಗಿದ ಕೈಯಿಂದ ಹಗ್ಗದ ಬಲೆ ಹೆಣೆದು ಮತ್ತೆ ಬೆಟ್ಟ ಹತ್ತಿದಳು. ಬಲೆ ಬೀಸಿ ಯಾಳಿಯನ್ನು ಕೆಡವಿ, ತಾಳ್ಮೆಯಿಂದ ಅಣ್ಣನ ಗಂಟು ಬಿಚ್ಚಿಯೇಬಿಟ್ಟಳು!

ಕೆಳಗೆ ಬೈರಣ್ಣನ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ಅದನ್ನು ಎತ್ತುವುದು ಹೇಗೆಂದೇ ಅವನಿಗೆ ಮರೆತುಹೋಯಿತು. ಹಿತ್ತಲಿಗೆ ಓಡಿ, ಮಣ್ಣಿನಲ್ಲಿ ಕೈಯಿಟ್ಟು ಮಗುವಿನಂತೆ ನಕ್ಕ. ಆದರೆ ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಸೂತ್ರಕೇತು ಕಣ್ಣೆತ್ತಿಯೂ ನೋಡದೆ ಹೊಸ ಎಳೆ ಬಿಗಿದ. "ನೀನು ಬಿಚ್ಚು, ನಾನು ಕಟ್ಟುತ್ತಾ ಇರ್ತೀನಿ. ಯಾರು ಸೋಲ್ತಾರೋ ನೋಡೋಣ" ಅಂದ. ದುಗ್ಗವ್ವ ಮನೆಗೆ ಬರುವಷ್ಟರಲ್ಲಿ ಕುಲುಮೆಯಿಂದ ಮತ್ತೆ ಠಣ್ ಠಣ್ ಸದ್ದು.

ಮತ್ತೆ ವರ್ಷಗಳು ಉರುಳಿದವು. ದುಗ್ಗವ್ವ ದುಗ್ಗಜ್ಜಿಯಾದಳು. ಮಂಡಿ ನೋವು, ಕಣ್ಣು ಮಬ್ಬು. ಒಂದು ಬೆಳಿಗ್ಗೆ ಬೈರಣ್ಣನ ಕೈ ಏಳಲಿಲ್ಲ. ನೆರೆಯವರು ಮೊಣಕೈ ಹಿಡಿದು ಎತ್ತಿ ಎತ್ತಿ ಸುತ್ತಿಗೆ ಆಡಿಸಿದರು.

"ನಾಳೆ ಇಷ್ಟೂ ಆಗಲ್ಲ ಕಣೇ ದುಗ್ಗಿ. ಒಂದೇ ಒಂದು ಸಸಿ ನೆಟ್ಟು ಸಾಯಬೇಕು ಅಂತಿತ್ತು" ಅಂದ ಬೈರಣ್ಣ.

"ಸಾಯೋ ಮಾತು ಆಡಬೇಡ, ಕಪಾಳಕ್ಕೆ ಬಿಡ್ತೀನಿ!" ಅಂದು ಬೈದಳು ದುಗ್ಗಜ್ಜಿ. ಕಣ್ಣೊರೆಸಿಕೊಂಡು ಕೋಲೂರುತ್ತಾ ಮೂರನೆಯ ಸಲ ಬೆಟ್ಟ ಹತ್ತಿದಳು.

ಓಡಲು ಕಾಲಿಲ್ಲ, ಬಲೆ ಬೀಸಲು ತೋಳಿಲ್ಲ. ಏದುಸಿರು ಬಿಡುತ್ತಾ ಯಾಳಿಯ ಎದುರೇ ಕುಕ್ಕರಿಸಿದಳು. "ತಿನ್ನೋದಾದ್ರೆ ಆಮೇಲೆ ತಿನ್ನಪ್ಪ. ಸ್ವಲ್ಪ ಸುಧಾರಿಸಿಕೊಳ್ತೀನಿ." ಕೂತವಳಿಗೆ ಆಗ ಕಂಡಿತು, ಯಾಳಿಯ ಮುಂಗಾಲಿಗೂ ಒಂದು ಕೆಂಪು ಎಳೆ! ಓಡುವಾಗ ಕಾಣದ್ದು, ಬಲೆ ಬೀಸುವಾಗ ಕಾಣದ್ದು. "ಅಯ್ಯೋ ಮಗನೇ, ನಿನಗೂ ಕಟ್ಟಿದ್ದಾನಾ?" ಅಂದು ಬೆರಳಾಡಿಸಿ ಬಿಚ್ಚಿದಳು. ಯಾಳಿ ಸೊಂಡಿಲಿಂದ ಅವಳ ತಲೆ ಸವರಿ, ದಾರಿ ಬಿಟ್ಟು, ಕಾಡಿಗೆ ಹೋಯಿತು.

ಒಳಗೆ ಸೂತ್ರಕೇತು ಹಾಗೇ ಕೂತಿದ್ದ. ಒಂದು ಕೂದಲೂ ನರೆತಿರಲಿಲ್ಲ.

"ಮತ್ತೆ ಬಂದ್ಯಾ? ಬಿಚ್ಚು, ಬಿಚ್ಚು. ನಾನು ಕಟ್ಟುತ್ತೀನಿ."

ದುಗ್ಗಜ್ಜಿ ಉಂಡೆಯ ಕಡೆಗೆ ಹೋಗಲೇ ಇಲ್ಲ. ಅವನ ಪಕ್ಕದಲ್ಲೇ ಕೂತು, ಅವನ ಬೆರಳುಗಳನ್ನು ನೋಡುತ್ತಾ ಅಂದಳು. "ಇದೊಂದು ಕೆಲಸ ನನಗೆ ಬರಲ್ಲ. ಎಂಥಾ ಅಚ್ಚುಕಟ್ಟು ಗಂಟಪ್ಪ ನಿಂದು! ಹೇಗೆ ಕಟ್ತೀಯ, ನನಗೂ ಹೇಳಿಕೊಡು."

"ಹೇಗೆ ಅಂದ್ರೆ? ಕೈ ಕಟ್ಟುತ್ತೆ, ನನಗೇನು ಗೊತ್ತು?"

ದುಗ್ಗಜ್ಜಿ ಕಿವಿ ನಿಮಿರಿಸಿದಳು. ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದಳು! ಮೆಲ್ಲಗೆ ಅವನ ನಿಲುವಂಗಿಯ ತೋಳು ಸರಿಸಿದಳು. ಅಲ್ಲಿತ್ತು, ಹಳೆಯದಾಗಿ ಕಪ್ಪಾದ ಗಂಟು. ರಾಜ್ಯದ ಎಲ್ಲ ಗಂಟುಗಳಿಗೂ ಮೊದಲಿನದು. ಸೂತ್ರಕೇತು ಕೈ ಎಳೆದುಕೊಳ್ಳಲು ನೋಡಿದ. ಕೈ ಕೇಳಬೇಕಲ್ಲ! ಅದು ಗಂಟು ಕಟ್ಟುತ್ತಲೇ ಇತ್ತು. ದುಗ್ಗಜ್ಜಿ ಗಂಟಿನ ಮೇಲೆ ಬೆರಳಿಟ್ಟಳು. ಕಣ್ಣು ಕಾಣದಿದ್ದರೇನು, ಬೆರಳು ಕಂಡಿತು. ಗಂಟು ಸಡಿಲವಾಯಿತು.

ಉಂಡೆ ಗಿರ್ರನೆ ತಿರುಗಿ, ಬಿಚ್ಚಿ, ಧೂಳಾಯಿತು. ಸೂತ್ರಕೇತುವಿನ ತಲೆ ಬೆಳ್ಳಗಾಯಿತು, ಬೆನ್ನು ಬಾಗಿತು. ಅವನು ಗೊಳೋ ಅಂತ ಅತ್ತ. "ಮೊದಲ ಸಲ ನೂಲು ತೆಗೆದಾಗ ಸಿಕ್ಕುಸಿಕ್ಕಾಯ್ತು, ಜನ ನಕ್ಕರು. ಆ ನಗು ತಡೆಯಲಾರದೆ ಮಂತ್ರ ಹಾಕಿ ನನ್ನ ಕೈಗೆ ನಾನೇ ಕಟ್ಟಿಕೊಂಡೆ."

"ಅಷ್ಟಕ್ಕೇ?" ಅಂದಳು ದುಗ್ಗಜ್ಜಿ. "ನನ್ನ ಮಡಕೆ ನೋಡಿದ್ರೆ ಏನಂತಿದ್ಯೋ! ಏಳು, ನಡಿ ನನ್ನ ಜೊತೆ."

ಊರಿಗೆ ಬಂದರೆ ಹಾಹಾಕಾರ. ಎಲ್ಲರ ಕೈಯೂ ಖಾಲಿ! ಕುಂಬಾರನಿಗೆ ಚಕ್ರ ತಿರುಗಿಸಲು ಬಾರದು, ಅಡುಗೆಯವಳಿಗೆ ಒಲೆ ಹಚ್ಚಲು ಬಾರದು. "ನಮ್ಮ ಗತಿ ಏನಜ್ಜೀ?" ಅಂತ ರಾಜನೇ ಓಡಿ ಬಂದ. ಇಡೀ ರಾಜ್ಯದಲ್ಲಿ ಕಲಿಯುವುದು ಹೇಗೆಂದು ಗೊತ್ತಿದ್ದವಳು ಅವಳೊಬ್ಬಳೇ. ಅಟ್ಟದ ಮೇಲಿಂದ ತನ್ನ ಸೊಟ್ಟ ಮಡಕೆ ಇಳಿಸಿ ಎಲ್ಲರ ನಡುವೆ ಇಟ್ಟಳು. "ಮೊದಲು ಹೀಗಾಗುತ್ತೆ. ನಗೋರು ನಗಲಿ. ಆಮೇಲೆ ನೆಟ್ಟಗಾಗುತ್ತೆ. ಬನ್ನಿ, ಕೂತ್ಕೊಳ್ಳಿ" ಅಂದಳು.

ಆ ವರ್ಷ ಹೊಂಗಿರಿಯ ತುಂಬ ಸೊಟ್ಟ ಮಡಕೆ, ಸೀದ ರೊಟ್ಟಿ, ಜಾಳು ಬಟ್ಟೆ, ಮತ್ತು ಎಂದೂ ಕೇಳದಷ್ಟು ನಗು. ರಾಜ ಉಪ್ಪಿಲ್ಲದ ಸಾರು ಮಾಡಿ ಎಲ್ಲರಿಗೂ ಬಡಿಸಿದ. ಸೂತ್ರಕೇತು ಸಿಕ್ಕು ನೂಲು ಬಿಡಿಸುತ್ತಾ ಮಕ್ಕಳ ಜೊತೆ ಕೂತ. ಕೈ ನಡುಗುವವರು ಕಣ್ಣಿಟ್ಟು ತಪ್ಪು ತೋರಿಸುವ ಕೆಲಸಕ್ಕೆ ಬಂದರು, ಕಣ್ಣು ಮಬ್ಬಾದವರು ಮಾತಿನಲ್ಲಿ ಹೇಳಿಕೊಟ್ಟರು. ಅಲ್ಲಿಂದಾಚೆ ಆ ನಾಡಿನ ಜನ ಹಣ್ಣು ಹಣ್ಣಾಗುವವರೆಗೂ ಬದುಕಿದರು.

ಮತ್ತೆ ಬೈರಣ್ಣ? ಕೋಟೆಯಿಂದ ದುಗ್ಗಜ್ಜಿ ಬಂದ ಆ ದಿನವೇ ಹಿತ್ತಲಿಗೆ ಹೋಗಿ, ನಡುಗುವ ಕೈಯಲ್ಲಿ ಬದನೆ ಸಸಿ ನೆಟ್ಟ. ನೆಟ್ಟು, ಹೆಮ್ಮೆಯಿಂದ ತಂಗಿಯನ್ನು ಕರೆದ. ದುಗ್ಗಜ್ಜಿ ನೋಡಿದಳು. ಎಲೆ ಮಣ್ಣಿನೊಳಗೆ, ಬೇರು ಆಕಾಶಕ್ಕೆ!

"ಅಣ್ಣಾ, ಬೇರು ಕೆಳಗೆ ಕಣೋ."

ಬೈರಣ್ಣ ಒಂದು ಗಳಿಗೆ ಪೆಚ್ಚಾದ. ಆಮೇಲೆ ಜೋರಾಗಿ ನಕ್ಕ. ಅವಳೂ ನಕ್ಕಳು. ಇಬ್ಬರೂ ಮಣ್ಣಲ್ಲಿ ಕೂತು ಸಸಿಯನ್ನು ಸರಿಯಾಗಿ ನೆಟ್ಟು, ಸೊಟ್ಟ ಮಡಕೆಯಿಂದ ನೀರು ಹಾಕಿದರು.