ತುಟಿಗೆ ತಾಗದ ಗುಟುಕು

ಬಟ್ಟಲಿನ ಅಂಚು ತುಟಿಗೆ ತಾಗಿದ್ದೇ ತಡ, ಪರೀಕ್ಷೆ ನಡೆಸುತ್ತಿದ್ದ ಹಿರಿಯ ರುಚಿಗಾರ ಚನಮಲ್ಲಪ್ಪ ಗೊಳಸಂಗಿಯವರ ಹುಬ್ಬು ಮೇಲೇರಿತು. "ಒಣ ವೈನು. ಸಕ್ಕರಿ ಒಂದ್ ಚೂರೂ ಇಲ್ಲ. ಮೊದಲ ನಿಂಬಿ ಸಿಪ್ಪಿ, ಆಮ್ಯಾಲ ಪ್ಯಾರಲಹಣ್ಣು," ಎಂದು ಹೇಳಿ ಪೀಕದಾನಿಗೆ ಉಗುಳಿದರು. ಬಟ್ಟಲಿನ ಬುಡದಲ್ಲಿ ಹಸಿರು ದೀಪ ಹೊತ್ತಿತು. ಅವರ ನಂತರ ಅದೇ ಬಟ್ಟಲಿನಲ್ಲಿ ಕುಡಿದ ಇಬ್ಬರು ಅಭ್ಯರ್ಥಿಗಳೂ ಅದನ್ನೇ ಹೇಳಿ ಪಾಸಾದರು.

ಅದು ೨೦೫೮ರ ಬೇಸಿಗೆ. ಡೋಣಿ ನದಿಯ ದಂಡೆಯ ಆ ವೈನ್ ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಗುರುಬಟ್ಟಲು ಎನ್ನುತ್ತಿದ್ದರು. ಕಂಡುಹಿಡಿದವರು ಡಾ. ವಾರಿಜಾ ಇನಾಮದಾರ. ಬಟ್ಟಲಿನ ಒಳಮೈಯ ಸಂವೇದಕಗಳು ವೈನಿನ ಅಣುಗಳನ್ನು ಗುರುತಿಸುತ್ತವೆ. ಅಂಚಿನ ಕೂದಲೆಳೆಯಷ್ಟು ತೆಳ್ಳಗಿನ ತಂತಿಗಳು ತುಟಿ ನಾಲಗೆಗಳಿಗೆ ಅತಿ ಸಣ್ಣ ವಿದ್ಯುತ್ ಹರಿಸಿ ಆ ರುಚಿಗಳನ್ನು ಎತ್ತಿ ತೋರಿಸುತ್ತವೆ. ವಾರಿಜಾ ಬಟ್ಟಲಿಗೆ ಕಲಿಸಿದ ರುಚಿಗಳ ಪಟ್ಟಿಯಲ್ಲಿ ಇಲ್ಲದ ರುಚಿಯನ್ನು ಗದ್ದಲವೆಂದು ಅಡಗಿಸುತ್ತವೆ. ಹತ್ತು ವರ್ಷದ ವಿದ್ಯೆ ಹತ್ತು ವಾರಕ್ಕೆ ಇಳಿದಿತ್ತು. ನೆಗಡಿಯಾದವನೂ ಪಂಡಿತನಾಗಬಹುದಿತ್ತು ಅನ್ನಿ.

ಮೂರನೆಯ ಅಭ್ಯರ್ಥಿ ನೀಲಾಂಬಿಕಾ ಹೊನವಾಡ. ಹೋದ ವರ್ಷದವರೆಗೆ ಅಲ್ಲಿಯೇ ವೈನಿನ ತೊಟ್ಟಿಗಳನ್ನು ತೊಳೆಯುತ್ತಿದ್ದವಳು. ರುಚಿ ನೋಡುವ ಕೆಲಸ ಕಲಿಯುತ್ತೇನೆಂದಾಗ ಅಪ್ಪ ನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ಇವತ್ತು ಫೇಲಾದರೆ ಮತ್ತೆ ತೊಟ್ಟಿ ತೊಳೆಯುವುದೇ. ಪರೀಕ್ಷೆಗೆ ಇಟ್ಟದ್ದು ನಾಲ್ಕನೇ ತೊಟ್ಟಿಯ ವೈನು. ಮಧ್ಯಾಹ್ನ ಹನ್ನೆರಡಕ್ಕೆ ಹೊರಗಿನ ಚಪ್ಪರದ ಸಮಾರಂಭದಲ್ಲಿ ಇನ್ನೂರ ನಲವತ್ತು ಅತಿಥಿಗಳಿಗೆ ಅದನ್ನೇ ಹಂಚುವುದಿತ್ತು.

ನೀಲಾಂಬಿಕಾ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಇನ್ನೊಬ್ಬರು ತುಟಿ ಇಟ್ಟ ಪಾತ್ರೆಗೆ ಬಾಯಿ ಹಚ್ಚುವುದು ಅವಳ ಮನೆಯಲ್ಲಿ ಇಲ್ಲ. ತರಬೇತಿಯಲ್ಲಿ ಮೂರು ಸಲ ಬೈಸಿಕೊಂಡು, ಎತ್ತಿ ಕುಡಿಯುವ ಅಭ್ಯಾಸ ಬಿಟ್ಟಿದ್ದಳು. ಗಾಬರಿಯಲ್ಲಿ ಅದೆಲ್ಲ ಮರೆತು, ತಂಬಿಗೆಯ ನೀರು ಕುಡಿಯುವವಳಂತೆ ಬಟ್ಟಲನ್ನು ತುಟಿಗೆ ತಾಗಿಸದೆ ಎತ್ತಿ ಬಾಯಿಗೆ ಸುರಿದುಕೊಂಡಳು.

"ಎಂಜಲಾಗತದೇನವಾ?" ಎಂದು ಚನಮಲ್ಲಪ್ಪ ನಕ್ಕರು.

ಅವಳು ನಗಲಿಲ್ಲ. ಉಗುಳಿ, "ಸಿಹಿ ಅದರೀ," ಎಂದಳು.

"ತಪ್ಪು. ಬಾಯಿ ಇಟ್ಟು ನೋಡು."

ತುಟಿ ಇಟ್ಟಳು. ನಿಂಬೆ ಸಿಪ್ಪೆ, ಪೇರಲೆ. ಸಿಹಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮತ್ತೆ ಎತ್ತಿ ಒಂದು ಹನಿ ನಾಲಗೆಗೆ ಬಿಟ್ಟುಕೊಂಡಳು. ಸಿಹಿಯೇ ಸಿಹಿ. ಆ ಸಿಹಿಯ ಬಗ್ಗೆ ಅವಳಿಗೆ ಹೇಳಿದವರಿದ್ದರು. ತೊಟ್ಟಿಯ ಗೋಡೆಯೊಳಗೆ ಹರಿದು ವೈನನ್ನು ತಣ್ಣಗಿಡುವ ಗ್ಲೈಕಾಲ್ ಎಂಬ ದ್ರವ. ಸಿಹಿ ಇರತದ, ನಾಯಿ ನೆಕ್ಕಿ ಸಾಯ್ತಾವ, ಕೈ ತೊಳಕೋ ಎಂದು ಕೆಲಸದ ಮೊದಲ ದಿನವೇ ಮೇಸ್ತ್ರಿ ಹೆದರಿಸಿದ್ದ.

"ಮೇಡಂ, ತೊಟ್ಟಿ ಒಳಗ ಗ್ಲೈಕಾಲ್ ಸೋರ್ಯದ ಅನಸ್ತದ. ವೈನ್ ಕೊಡಬ್ಯಾಡ್ರಿ."

ಪಕ್ಕದಲ್ಲೇ ಕುಳಿತಿದ್ದ ವಾರಿಜಾ ಗಡಿಯಾರ ನೋಡಿದರು. ಹನ್ನೊಂದೂ ನಲವತ್ತು. "ಮೂರು ಮಂದಿ ಒಣ ಅಂದಾರ, ಬಟ್ಟಲಾನೂ ಒಣ ಅಂತದ. ನಿನ್ನ ನಾಲಗಿ ಇನ್ನಾ ಪಳಗಿಲ್ಲ."

ನೀಲಾಂಬಿಕಾ ಬಾಗಿಲ ಕಡೆ ನೋಡಿದಳು. "ಈಗ ಎದ್ದು ಹೊರಗ ಹೋದ್ರ ಪರೀಕ್ಷಾ ಮುಗೀತು ಅಂತ ತಿಳಕೋ," ಎಂದರು ಚನಮಲ್ಲಪ್ಪ.

ತಾನೇ ತಪ್ಪಿರಬಹುದೇ? ಹತ್ತು ವಾರದ ನಾಲಗೆಯನ್ನು ನಂಬಿ ಯಾರು ಕೆಲಸ ಕಳೆದುಕೊಳ್ಳುತ್ತಾರೆ? ಹಾಗೆ ಅಂದುಕೊಳ್ಳುತ್ತಲೇ ಅವಳು ಓಡಿದ್ದಳು. ಶೀತಲ ಯಂತ್ರದ ಕೋಣೆಯಲ್ಲಿ ಗ್ಲೈಕಾಲಿನ ಮಟ್ಟ ತೋರಿಸುವ ಗಾಜಿನ ನಳಿಗೆ ಇತ್ತು. ದ್ರವ ಕೆಂಪು ಗೆರೆಗಿಂತ ಗೇಣುದ್ದ ಕೆಳಗಿಳಿದಿತ್ತು. ನೆಲ ಮಾತ್ರ ಒಣಗಿತ್ತು. ಹೊರಗೆ ಸೋರಿಲ್ಲವೆಂದರೆ ಒಳಗೇ ಸೋರಿರಬೇಕು.

ಅವಳು ಚಪ್ಪರಕ್ಕೆ ಬರುವಷ್ಟರಲ್ಲಿ ಮೊದಲ ಸಾಲಿಗೆ ವೈನು ಹಂಚಿಯಾಗಿತ್ತು. "ಯಾರೂ ಕುಡೀಬ್ಯಾಡ್ರಿ! ಕೆಳಗಿಡ್ರಿ!" ಎಂದು ಕಿರುಚುತ್ತ ವೈನು ಬರುತ್ತಿದ್ದ ನಲ್ಲಿಯನ್ನು ಬಂದ್ ಮಾಡಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಹಿಂದೆಯೇ ಬಂದ ಚನಮಲ್ಲಪ್ಪ ಅವಳ ರಟ್ಟೆ ಹಿಡಿದು ಎಳೆದರು. ಅವಳು ಜಗ್ಗಲಿಲ್ಲ. "ನನ್ನ ಮನಿಗೆ ಕಳಸ್ರಿ. ಮೊದಲ ಆ ಗ್ಲೈಕಾಲಿನ ನಳಿಗಿ ನೋಡ್ರಿ."

ವಾರಿಜಾ ಹೋಗಿ ನೋಡಿದರು. ಮರಳಿ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಮೊದಲ ಸಾಲಿನವರ ಕೈಯಿಂದ ಗ್ಲಾಸುಗಳನ್ನು ತಾವೇ ಕಿತ್ತುಕೊಂಡರು. ಯಾರೂ ಕುಡಿದಿರಲಿಲ್ಲ, ಪುಣ್ಯಕ್ಕೆ ಕಾರ್ಖಾನೆಯ ಅಧ್ಯಕ್ಷರ ಭಾಷಣ ಮುಗಿದಿರಲಿಲ್ಲ. ಪ್ರಯೋಗಾಲಯದ ವರದಿ ಅರ್ಧ ಗಂಟೆಯಲ್ಲಿ ಬಂತು: ವೈನಿನಲ್ಲಿ ಗ್ಲೈಕಾಲ್ ಇತ್ತು. ಅತಿಥಿಗಳು ಮಜ್ಜಿಗೆ ಕುಡಿದು ಹೋದರು.

"ಅದು ನನ್ನ ಪಟ್ಟಿಯೊಳಗ ಇರಲಿಲ್ಲ," ಎಂದರು ವಾರಿಜಾ. "ಗದ್ದಲ ಅಂತ ಬಟ್ಟಲಾ ಅಳಿಸಿ ಹಾಕ್ತು. ಹಂಗ ಮಾಡು ಅಂತ ನಾನೇ ಅದಕ್ಕ ಕಲಿಸಿದ್ದೆ."

ಚನಮಲ್ಲಪ್ಪ ಒಳಗೆ ಹೋಗಿ, ಎರಡನೇ ತೊಟ್ಟಿಯ ಒಳ್ಳೆಯ ವೈನನ್ನು ಸ್ಟೀಲ್ ಲೋಟಕ್ಕೆ ಬಸಿದುಕೊಂಡು ಬಂದರು. ಒಂದು ಗುಟುಕು ಕುಡಿದರು. ಇನ್ನೊಂದು. ಆಮೇಲೆ ಲೋಟದೊಳಗೆ ಇಣುಕಿ ನೋಡಿದರು. ಗುರುಬಟ್ಟಲು ಬಂದ ಹನ್ನೊಂದು ವರ್ಷದಲ್ಲಿ ಅವರು ಅದನ್ನು ಬಿಟ್ಟು ವೈನು ಕುಡಿದದ್ದು ಅದೇ ಮೊದಲು.

"ನೀರಿದ್ದಂಗದ," ಎಂದರು. "ಏನೂ ರುಚಿ ಹತ್ತವಲ್ದು."

"ಬಟ್ಟಲಾ ಬರೂಕಿಂತ ಮದಲ ಹೆಂಗ ಕಲತ್ರಿ ಸರ್?" ಎಂದು ನೀಲಾಂಬಿಕಾ ಮೆಲ್ಲಗೆ ಕೇಳಿದಳು.

ಚನಮಲ್ಲಪ್ಪ ಲೋಟವನ್ನು ಮೇಜಿನ ಮೇಲಿಟ್ಟರು. "ನಾ ಇಪ್ಪತ್ತೆರಡರಾವ ಇದ್ದಾಗ ಎಲ್ಲರ ಕೈಯಾಗೂ ಮೊಬೈಲ್ ಇರ್ತಿದ್ವು. ಹೋಟೆಲಿಗಿ ಹೋಗೂಕಿಂತ ಮದಲ ಮಂದಿ ಎಷ್ಟು ಚುಕ್ಕಿ, ಅಂದ್ರ ಸ್ಟಾರ್, ಕೊಟ್ಟಾರ ಅಂತ ಅದರಾಗ ನೋಡ್ತಿದ್ವಿ. ಬಾಟಲಿ ತಗೊಂಡ್ರೂ ಹಂಗ. ನಾಕೂವರಿ ಚುಕ್ಕಿ ಇದ್ರ ಒಂದ್ ಗುಟುಕು ಕುಡದು, ಭಾಳ ಚಲೋ ಅದ ಅಂತಿದ್ದೆ. ಖರೇನ ಚಲೋ ಅನಸ್ತಿತ್ತು." ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದರು, "ಅಂದ್ರ ನಾ ಯಾವತ್ತೂ ಕಲತೇ ಇಲ್ಲ ನೋಡವಾ."

ಅವರು ಲೋಟವನ್ನು ಅವಳ ಕಡೆ ಸರಿಸಿದರು. "ನೀ ಕುಡದು ಹೇಳು. ಹೆಂಗದ?"