ಕೇಳದೆ ಹಾಕಿದ ಗುರುತು

"ಮೇಡಂ, ವೀಸಾ ಕೊಡಲಿಲ್ಲ."

ವೆಲ್ಡರ್ ನಿರಾಕರಣೆಯ ಕಾಗದವನ್ನು ಅವಳ ಕೀಬೋರ್ಡ್ ಮೇಲಿಟ್ಟು ನಿಂತ. ಅತ್ತಿಗೆಯ ಜೊತೆ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವ ಅವಳಿಗೆ ಇಂಥ ಕಾಗದಗಳು ಹೊಸದಲ್ಲ. ಆದರೆ ಇದರ ಒಂದು ಸಾಲನ್ನು ಎರಡು ಸಲ ಓದಿದಳು.

'ಹಿಂದಿನ ಜೈಲು ಶಿಕ್ಷೆಯನ್ನು ಮುಚ್ಚಿಟ್ಟು ಸುಳ್ಳು ಉತ್ತರ ಕೊಟ್ಟಿದ್ದೀರಿ.'

ಜೈಲಾ? ಇವನಾ?

"ಹತ್ತೊಂಬತ್ತನೇ ವಯಸ್ಸಲ್ಲಿ ಒಂದು ಹೊಡೆದಾಟ," ಅವನು ತಲೆ ತಗ್ಗಿಸಿಯೇ ಹೇಳಿದ. "ಒಬ್ಬನ ಕೈ ಮುರಿದೆ. ಆರು ತಿಂಗಳು ಒಳಗಿದ್ದೆ."

"ಮೊದಲೇ ಯಾಕೆ ಹೇಳಲಿಲ್ಲ?"

ಅವಳು ಅರ್ಜಿ ತುಂಬಿಕೊಟ್ಟ ಮೇಲೆ ಎರಡು ತಿಂಗಳಿಂದ ಅವನು ಒಂದಲ್ಲ ಒಂದು ನೆಪ ತೆಗೆದು ಅಂಗಡಿಗೆ ಬರುತ್ತಿದ್ದ. ಅವನು ಬಂದಾಗಲೆಲ್ಲ, 'ನಿನ್ನ ಟೈಪಿಂಗ್ ಯಾಕೋ ಕುಂಟ್ತಿದೆ' ಎಂದು ಅತ್ತಿಗೆ ಕಾಲೆಳೆಯುತ್ತಿದ್ದಳು. ಇಷ್ಟು ದಿನ ಮೋಸ ಮಾಡಿದನಾ...

"ನೀವು ಕೇಳಲಿಲ್ಲ."

ಅವಳು ಅವನ ಹಳೆಯ ಅರ್ಜಿಯನ್ನು ತೆರೆದು ನೋಡಿದಳು.

ನಿಜ. 'ಶಿಕ್ಷೆಯಾಗಿದೆಯೇ?' ಎಂಬ ಪ್ರಶ್ನೆಯನ್ನು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಮರ್ಯಾದಸ್ಥರನ್ನು ಹಾಗೆಲ್ಲ ಕೇಳುವುದು ಹೇಗೆ ಎಂದು ತಾನೇ 'ಇಲ್ಲ' ಎಂದು ಗುರುತು ಹಾಕಿಬಿಡುತ್ತಿದ್ದಳು. ಆ ದಾಕ್ಷಿಣ್ಯವೇ ಇವನ ಬದುಕಿಗೆ ಕಲ್ಲು ಹಾಕಿತ್ತು.

"ತಪ್ಪು ನಂದು..." ಅವಳ ಕಣ್ಣು ತುಂಬಿತು. "ನಿಮ್ಮ ಕೈಗೆ ಬಂದ ವಿದೇಶದ ಕೆಲಸ ಹಾಳು ಮಾಡಿದೆ."

"ಇಲ್ಲ ಮೇಡಂ. ಸಹಿ ಹಾಕೋ ಮುಂಚೆ ನಾನು ಓದಿದ್ದೆ." ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. "ಹೇಳಿದ್ರೆ ನೀವು ನನ್ನ ನೋಡಿ ಮತ್ತೆ ನಗಲ್ಲ ಅಂತ ಸುಮ್ಮನಾದೆ."

ಅವಳು ಸ್ಟೂಲ್ ಎಳೆದು ಕೊಟ್ಟಳು. ನಿಜ ತಿಳಿಸಿ ಮತ್ತೆ ಅರ್ಜಿ ಹಾಕಬಹುದು ಎಂದು ಕಾಗದದ ಕೊನೆಯಲ್ಲಿತ್ತು. ಅವಳು ಮೊದಲು ವೀಸಾ ಕಚೇರಿಗೆ ವಿವರಣೆ ಬರೆದಳು: 'ಕೇಳದೆ ಗುರುತು ಹಾಕಿದ್ದು ನಾನು.'

"ಅದು ಬೇಡ. ನಿಮ್ಮ ಅಂಗಡಿಗೆ ಕೆಟ್ಟ ಹೆಸರು."

"ಬರಲಿ. ನಡೆದಿದ್ದು ಅದೇ ತಾನೇ."

ಆಮೇಲೆ ಹೊಸ ಅರ್ಜಿ ತೆರೆದು, ಅವನ ಮುಖ ನೋಡಿ ಕೇಳಿದಳು.

"ಶಿಕ್ಷೆಯಾಗಿದೆಯಾ?"

"ಆಗಿದೆ."

ಅವಳು ಮುಖ ತಿರುಗಿಸಲಿಲ್ಲ. ಅವನು ಆಗ ತಲೆ ಎತ್ತಿದ.

"ತುರ್ತು ಬಂದರೆ ಯಾರಿಗೆ ತಿಳಿಸಬೇಕು?" ಹೋದ ಸಲ ಈ ಪ್ರಶ್ನೆಗೆ 'ಯಾರೂ ಇಲ್ಲ' ಎಂದಿದ್ದ.

"ನಿಮಗೆ... ಆಗುತ್ತಾ?"

ಅವಳು ತನ್ನ ನಂಬರ್ ಒತ್ತಿದಳು. ಬೆರಳು ಕುಂಟುತ್ತಿತ್ತು.

"ಪಕ್ಕದ ಕಾಲಂನಲ್ಲಿ ಸಂಬಂಧ ಏನು ಅಂತ ಕೇಳಿದ್ದಾರೆ. ಕೇಳದೆ ತುಂಬೋದು ನಾನು ಬಿಟ್ಟಿದ್ದೀನಿ. ಏನು ಹಾಕಲಿ?"

"ಮದುವೆ ಆಗೋರು ಅಂತ..." ಅವನು ಸ್ಕ್ರೀನ್ ಕಡೆ ಬಾಗಿದ. "ಅದು ಸುಳ್ಳಾಗಲ್ಲ ತಾನೇ?"

"ಸುಳ್ಳು ಹಾಕಿ ಒಂದ್ಸಲ ಅನುಭವಿಸಿದ್ದು ಸಾಕು," ಎನ್ನುತ್ತ ಅವಳು ಅದನ್ನೇ ಟೈಪ್ ಮಾಡಿದಳು.