ಬಟ್ಟೆ ನೋಡಿ ಬರೆದ ಬಳ್ಳಿ

“ಒಂದೇ ಒಂದು ಮಾತು ಕೇಳಮ್ಮ. ಈ ಬಳ್ಳೀನ ಬಟ್ಟೆ ನೋಡ್ಕೊಂಡು ಮಾತ್ರ ಬರೀಬೇಡ,” ಎಂದ ಅಚ್ಚು ಕೆತ್ತುವ ತಾತ.

ಚಿತ್ರಗಾರ್ತಿಗೆ ನಗು ಬಂತು. ಆ ಬೀದಿಗೆ ಬಂದು ಅವಳಿಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ತಾನೇ ಚಿತ್ರ ಬರೆದು, ಮರದ ಅಚ್ಚು ಮಾಡಿಸಿ, ತಂಗಿಯ ಜೊತೆ ಬಟ್ಟೆಯ ಮೇಲೆ ಒತ್ತಿ ಮಾರುವುದು ಅವಳ ಕಸುಬು. ಅಲ್ಲಿ ಹೊಸ ಚಿತ್ರ ಎಂಟು ದಿನಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಒಂಬತ್ತನೆಯ ದಿನ ಎದುರಂಗಡಿಯಲ್ಲಿ ಅದೇ ಚಿತ್ರ ಅರ್ಧ ಬೆಲೆಗೆ ನೇತಾಡುತ್ತಿತ್ತು. ಅವಳ ಎರಡು ಚಿತ್ರಗಳು ಹಾಗೇ ಹೋಗಿದ್ದವು. ಮೂರನೆಯದು ಈ ಬಳ್ಳಿ. ತಾಯಿ ಹಾಸಿಗೆ ಹಿಡಿದ ಎಂಟು ತಿಂಗಳು ಮಂಚದ ಪಕ್ಕ ಕೂತು, ಆಕೆಯ ಉಸಿರಿಗೆ ಕಿವಿಗೊಟ್ಟು ಬರೆದದ್ದು. ಇದನ್ನೂ ಕಳೆದುಕೊಂಡರೆ ಬದುಕಿರಲಾರೆ ಎಂದು ತಾತನ ಮುಂದೆ ಅತ್ತಿದ್ದಳು.

ಅದಕ್ಕೇ ತಾತ ಬಾಯಿಬಿಟ್ಟಿದ್ದ. ಕೆತ್ತುವಾಗಲೇ ಅಚ್ಚಿಗೆ ಕಟ್ಟು ಹಾಕಬಹುದು. ಉಳಿಯ ಒಂದೊಂದು ಪೆಟ್ಟಿಗೂ ಒಂದೊಂದು ಮಂತ್ರ. ಆಮೇಲೆ ಬಟ್ಟೆ ನೋಡಿ ಆ ಬಳ್ಳಿಯನ್ನು ಯಾರು ಬರೆದರೂ ಬಳ್ಳಿ ಅವರನ್ನು ಬಿಡುವುದಿಲ್ಲ.

“ಹಾಕಿ ತಾತ, ಹಾಕಿ. ವಕೀಲರಿಗಿಂತ ನೀವೇ ವಾಸಿ.”

“ನಗಬೇಡ. ಅದಕ್ಕೆ ಕಣ್ಣಿಲ್ಲ. ಬರೀತಿರೋ ಕೈ ಯಾರದು ಅಂತ ನೋಡಲ್ಲ. ನಿಂಗೆ ಇನ್ನೊಂದು ಅಚ್ಚು ಬೇಕಾದ್ರೆ ಈ ಮೂಲ ಕಾಗದ ಇಟ್ಕೊಂಡೇ ಬರಿ. ಕಾಗದ ಕೈಬಿಡಬೇಡ.”

“ನನ್ನ ಮನೆಗೆ ನಾನೇ ಕನ್ನ ಹಾಕ್ತೀನಾ ತಾತ?”

ತಾತ ಉಳಿ ಎತ್ತಿಕೊಂಡ. ಉಳಿಯ ಟಕಟಕ ಸದ್ದಿನ ಅಡಿಯಲ್ಲಿ ಅವನ ತುಟಿ ಸಂಜೆಯವರೆಗೂ ಅಲುಗಾಡುತ್ತಲೇ ಇತ್ತು.

ಮಂತ್ರವನ್ನು ನಂಬಿ ಕೂರುವವಳಲ್ಲ ಅವಳು. ಅದೇ ವಾರ ಚಿತ್ರದ ಹಕ್ಕು ನೋಂದಾಯಿಸಲು ಸರ್ಕಾರಿ ಕಚೇರಿಗೆ ಹೋದಳು. ಗುಮಾಸ್ತ ಮೂಲ ಕಾಗದವನ್ನೇ ಕೇಳಿದ. ಕೊಟ್ಟಳು. ಮೊಹರು ಒತ್ತಿದ ರಸೀದಿ ಕೈಗೆ ಬಂತು, ಬಳ್ಳಿ ಕಬ್ಬಿಣದ ಬೀರುವಿನೊಳಗೆ ಹೋಯಿತು. ಒಂದೇ ಬಾಗಿಲಿಗೆ ಎರಡು ಅಗಳಿ ಹಾಕಿದಷ್ಟು ನೆಮ್ಮದಿಯಿಂದ ಮನೆಗೆ ಬಂದಳು.

ಬಳ್ಳಿಯ ಬಟ್ಟೆ ಅಂಗಡಿಗೆ ಬಂದ ದಿನ ಎದುರಂಗಡಿಯವನು ಕನ್ನಡಕ ಒರೆಸುತ್ತಾ ಬಂದ. “ಏನಕ್ಕ, ಬಳ್ಳಿ ಭಾರಿ ಸೊಂಪಾಗಿದೆ. ನಮ್ಮ ಗೋಡೆಗೂ ಒಂದಿಷ್ಟು ಹಬ್ಬಲಿ ಬಿಡಿ.”

“ಹಬ್ಬುತ್ತೆ ಅಣ್ಣ, ಹಬ್ಬುತ್ತೆ.”

ವಾರ ಕಳೆಯಿತು. ಎದುರಂಗಡಿ ಮೂರು ದಿನ ತೆರೆಯಲಿಲ್ಲ. ಬಾಗಿಲು ಮುರಿದರು. ಕನ್ನಡಕದವನು ನೆಲದ ಮೇಲೆ ಕೂತಿದ್ದ. ಸುತ್ತ ಕಾಗದ, ಕಾಗದದ ಮೇಲೆ ಬಳ್ಳಿ. ಮೇಜಿನ ಮೇಲೆ ಬಳ್ಳಿ, ಗೋಡೆಯ ಮೇಲೆ ಬಳ್ಳಿ. ಪೆನ್ಸಿಲು ಸವೆದು ಎಂದೋ ಮುಗಿದಿತ್ತು. ಅವನು ಉಗುರಿನಿಂದ ತನ್ನ ತೊಡೆಯ ಮೇಲೆ ಗೀರುತ್ತಿದ್ದ. ಎತ್ತಿಕೊಂಡು ಹೋಗುವಾಗಲೂ ಬೆರಳು ಗಾಳಿಯಲ್ಲಿ ಎಲೆ ಬಿಡಿಸುತ್ತಿತ್ತು.

ಆ ದಿನ ಚಿತ್ರಗಾರ್ತಿಗೆ ಅನ್ನ ಸೇರಲಿಲ್ಲ. ಆದರೆ ಸುಳ್ಳು ಯಾಕೆ, ಒಳಗೆಲ್ಲೋ ಒಂದು ಮೂಲೆಯಲ್ಲಿ ತಣ್ಣಗೂ ಆಗಿತ್ತು.

ಬೇಸಿಗೆಯಲ್ಲಿ ಅಚ್ಚು ಸೀಳಿಹೋಯಿತು. ನಟ್ಟ ನಡುವೆ. ದೊಡ್ಡ ಹೋಟೆಲಿನವರು ಕಿಟಕಿ ಪರದೆಗಳಿಗೆಲ್ಲ ಬಳ್ಳಿಯನ್ನೇ ಕೇಳಿದ್ದರು, ಹತ್ತು ದಿನ ಗಡುವು. ಹೊಸ ಅಚ್ಚಿಗೆ ಮೂಲ ಕಾಗದ ಬೇಕೆಂದು ಕಚೇರಿಗೆ ಓಡಿದಳು.

“ಪರಿಶೀಲನೆ ಮುಗಿಯೋವರೆಗೂ ಬೀರುವಿಂದ ಆಚೆ ಬರಲ್ಲ, ಮೇಡಂ,” ಎಂದ ಗುಮಾಸ್ತ.

“ನಕಲು ತೆಗೆದುಕೊಡಿ, ಸಾಕು.”

“ಯಾರಿಗೂ ಕೊಡಂಗಿಲ್ಲ. ನಿಮಗೂ ಅಷ್ಟೇ. ನಿಮ್ಮ ಒಳ್ಳೇದಕ್ಕೇ ಅಲ್ವಾ?”

ನೆನಪಿನಿಂದ ಬರೆದು ನೋಡಿದಳು. ಬಾಗು ಬಳುಕು ಒಂದೂ ಕೂಡಿಬರಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ತಾನೇ ಒತ್ತಿದ ಬಟ್ಟೆಯೊಂದನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದಳು.

ತಂಗಿ ಬಾಗಿಲಿಗೆ ಅಡ್ಡ ನಿಂತಳು. “ಬೇಡ ಅಕ್ಕ. ಕನ್ನಡಕದವನನ್ನ ನೋಡಿದ್ವಲ್ಲ.”

“ಅವನು ಕಳ್ಳ ಕಣೇ. ಇದು ನನ್ನದು.”

ತಂಗಿಯನ್ನು ಸರಿಸಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಆ ಕೋಣೆಗೆ ಕಿಟಕಿ ಇಲ್ಲ. ಹಳೆಯ ಬಣ್ಣದ ಹುಳಿ ವಾಸನೆ, ಎಣ್ಣೆ ಕುಡಿದ ಮರದ ವಾಸನೆ. ಬಟ್ಟೆ ಹರಡಿದಳು, ಬರೆಯತೊಡಗಿದಳು. ಮೊದಲ ಎಲೆ ಬಂತು. ಎರಡನೆಯದು ಬಂತು. ಎಷ್ಟು ಸಲೀಸು! ಕಾಗದದ ಅಂಚು ಬಂತು.

ಕೈ ನಿಲ್ಲಲಿಲ್ಲ.

ಮೇಜಿನ ಮೇಲೆ ಇಳಿಯಿತು. ಎಡಗೈಯಿಂದ ಎಳೆದಳು. ಬರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಕಗ್ಗತ್ತಲು. ಕತ್ತಲಲ್ಲೂ ಪೆನ್ಸಿಲಿನ ಸದ್ದು. ಸರ್. ಸರ್. ಒಂದು ಬಾಗೂ ತಪ್ಪುತ್ತಿಲ್ಲ. ಮೇಜು ಮುಗಿಯಿತು. ಕೈ ಗೋಡೆ ಹತ್ತಿತು. ಅವಳನ್ನೂ ಎಳೆದುಕೊಂಡು ಹೋಯಿತು. ಬಾಗಿಲು ಆ ಕಡೆ. ಕೈ ಈ ಕಡೆ. ಕಾಲು ಚಾಚಿದಳು. ಎಡಗೈ ಚಾಚಿದಳು. ಚಿಲಕ ಒಂದು ಗೇಣು ದೂರ. ಆ ಒಂದು ಗೇಣು ಕಡಿಮೆಯಾಗಲೇ ಇಲ್ಲ. ಕೂಗಿದಳು. ಪೆನ್ಸಿಲು ಮುರಿಯಿತು. ಈಗ ಉಗುರಿನ ಸದ್ದು.

ತಂಗಿ ತಾತನನ್ನು ಕರೆತಂದು ಬಾಗಿಲು ಒಡೆಸುವಷ್ಟರಲ್ಲಿ ಮೂರು ಗೋಡೆ ತುಂಬಿತ್ತು.

“ನಂದಲ್ಲ ಅಂತ ಹೇಳಮ್ಮ,” ಎಂದ ತಾತ. “ಯಾರು ಬೇಕಾದ್ರೂ ಬರ್ಕೊಳ್ಳಲಿ, ಬಿಟ್ಟೆ ಅನ್ನು. ಯಜಮಾನಿ ಬಿಟ್ರೆ ಕಟ್ಟು ಬಿಡುತ್ತೆ.”

“ನಂದಲ್ಲ. ಬಿಟ್ಟೆ. ಬಿಟ್ಟೆ ತಾತ!”

ಉಗುರು ಇನ್ನೊಂದು ಎಲೆ ಗೀರಿತು.

“ಬಾಯಲ್ಲಿ ಅಂದ್ರೆ ಆಗಲ್ಲ, ತಾಯಿ. ಒಳಗಿಂದ ಬಿಡಬೇಕು.”

ಕಣ್ಣು ಮುಚ್ಚಿದಳು. ಮಂಚ ಕಂಡಿತು. ಅಮ್ಮ ನೀರು ಕೇಳಿದಾಗ ಬರೆದ ಬಾಗು ಕಂಡಿತು. ಅಮ್ಮನ ಕೊನೆಯ ಉಸಿರಿನ ಹೊತ್ತಿಗೆ ಬರೆದ ಚಿಗುರು ಕಂಡಿತು. ಅದನ್ನು ಬೀದಿಗೆ ಬಿಡುವುದೇ? ಎದುರಂಗಡಿಯಲ್ಲಿ ಅರ್ಧ ಬೆಲೆಗೆ? ಮನಸ್ಸು ಬಿಗಿಯಾಗಿ ಮುಷ್ಟಿ ಕಟ್ಟಿತು. ತಾತ ತಲೆ ತಗ್ಗಿಸಿ ಹೊರಗೆ ಹೋದ.

ಈಗ ತಂಗಿ ದಿನಾ ಬೆಳಿಗ್ಗೆ ಒಂದು ಕಟ್ಟು ಕಾಗದ, ಹಿಡಿ ತುಂಬ ಪೆನ್ಸಿಲು ತಂದಿಡುತ್ತಾಳೆ. ಇಲ್ಲದಿದ್ದರೆ ಉಗುರು ಉಳಿಯುವುದಿಲ್ಲ. ಎಡಗೈಗೆ ಬಟ್ಟಲು ಕೊಟ್ಟು ಗಂಜಿ ಕುಡಿಸುತ್ತಾಳೆ. ಅಕ್ಕ ಮಾತಾಡುವುದಿಲ್ಲ, ತಲೆ ಎತ್ತುವುದಿಲ್ಲ.

ಮೊನ್ನೆ ತಂಗಿ ಪಕ್ಕದಲ್ಲೇ ಕೂತಳು. ಕಾಗದದ ಮೇಲೆ ಬಗ್ಗಿ, ಅಳು ನುಂಗಿಕೊಂಡು ಹೇಳಿದಳು: “ಈ ತಿರುವು ಎಷ್ಟು ಚೆನ್ನಾಗಿದೆ ಅಕ್ಕ.”

ತಿಂಗಳುಗಳ ಮೇಲೆ ಅಕ್ಕನ ಕಣ್ಣು ಮೇಲೆದ್ದಿತು. ತಂಗಿಯ ಮುಖವನ್ನು ದಿಟ್ಟಿಸಿತು. ಬಲಗೈ ಬರೆಯುತ್ತಲೇ ಇತ್ತು. ಎಡಗೈ ಮೆಲ್ಲಗೆ ಕಾಗದಕ್ಕೆ ಅಡ್ಡ ಬಂದು ಬಳ್ಳಿಯನ್ನು ಮರೆಮಾಡಿತು.

“ನೋಡಬೇಡ,” ಎಂದಳು ಅಕ್ಕ. “ಕದೀತೀಯ.”